ಹಳೆ ಯೆಜ್ಡಿ ಎಂಜಿನ್ ಬಿಚ್ಚಿದಾಗ: ಯಾವುದನ್ನು ಉಳಿಸೋದು, ಯಾವುದನ್ನು ಗುಜರಿಗೆ ಹಾಕೋದು?

ನಮ್ಮ ಮಾವನ ಯೆಜ್ಡಿ ರೋಡ್‌ಕಿಂಗ್ ಬೈಕು ಹನ್ನೊಂದು ವರ್ಷ ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ, ಕೊಟ್ಟಿಗೆ ಪಕ್ಕದ ಚಪ್ಪರದ ಕೆಳಗೆ ನಿಂತಿತ್ತು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಕಿಕ್ಕರ್ ಒತ್ತಿದರೆ ಕಲ್ಲು ಒತ್ತಿದ ಹಾಗೆ, ಒಂದಿಂಚೂ ಕದಲುತ್ತಿರಲಿಲ್ಲ. "ಬೇಕಿದ್ರೆ ತಗೊಂಡೋಗಪ್ಪ, ಇಲ್ಲಾಂದ್ರೆ ಗುಜರಿಯವ್ನು ನಾಳೆ ಬತ್ತಾನೆ" ಅಂದರು ಮಾವ. ಮಂಡ್ಯ ಕಡೆಯವರು ಹೀಗೆ ಅಂದರೆ ಅದರಲ್ಲಿ ಅರ್ಧ ಬೇಸರ, ಅರ್ಧ ಆಸೆ. ಗೂಡ್ಸ್ ಆಟೋ ಮಾಡಿಕೊಂಡು ಗಾಡಿಯನ್ನು ಮೈಸೂರಿಗೆ ತಂದೆ.

ಈ ಗಾಡಿ ಹುಟ್ಟಿದ್ದೇ ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ಬೈಕುಗಳ ತಯಾರಿಕೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಈಗ ಅದೇ ಹೆಸರಿನಲ್ಲಿ ಶೋರೂಮಿನಲ್ಲಿ ನಿಂತಿರುವ ಹೊಸ ಗಾಡಿಗಳ ಎಂಜಿನ್ ನಾಲ್ಕು ಸ್ಟ್ರೋಕಿನದು, ನಮ್ಮ ಹಳೆಯದು ಟು ಸ್ಟ್ರೋಕ್. ಅದರ ಒಂದು ಬೋಲ್ಟು ಕೂಡ ನಮ್ಮ ಎಂಜಿನ್‌ಗೆ ಕೆಲಸಕ್ಕೆ ಬರಲ್ಲ.

ಹಾಗಾಗಿ ಹಳೆ ಎಂಜಿನ್ ಬಿಚ್ಚಿದವರಿಗೆಲ್ಲ ಒಂದೇ ತಲೆನೋವು. ಟೇಬಲ್ ಮೇಲೆ ಹರಡಿದ ಸಾಮಾನಿನಲ್ಲಿ ಯಾವುದನ್ನು ರಿಪೇರಿ ಮಾಡಿ ಮತ್ತೆ ಹಾಕಬಹುದು? ಯಾವುದನ್ನು ಆಸೆ ಬಿಟ್ಟು ಬಿಸಾಕಬೇಕು? ಎಲ್ಲ ಹೊಸದು ಹಾಕೋಣ ಅಂದರೆ ಎಲ್ಲವೂ ಸಿಗಲ್ಲ. ಎಲ್ಲ ಹಳೆಯದನ್ನೇ ತೊಳೆದು ಹಾಕೋಣ ಅಂದರೆ ನೂರು ಕಿಲೋಮೀಟರಿಗೆ ಮತ್ತೆ ಬಿಚ್ಚಬೇಕು.

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಈ ಗಾಡಿಗಳನ್ನೇ ಮಾಡಿಕೊಂಡು ಬಂದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಭಾಯ್ ಅಂತಲೇ ಕರೆಯೋದು. ಗೋಣಿತಾಟಿನ ಮೇಲೆ ಸಾಮಾನು ಹರಡಿಕೊಂಡು ಅವರು ಒಂದೊಂದನ್ನೇ ಎತ್ತಿ ನೋಡುತ್ತಾ ಹೇಳಿದ್ದು ಇಷ್ಟೇ. "ಇದು ಸತ್ರೆ ಒಂದೇ ಸಾಯ್ತದೆ ಸಾರ್. ಇದು ಸತ್ರೆ ಪಕ್ಕದೋರ್ನೂ ಕರ್ಕೊಂಡೇ ಹೋಗ್ತದೆ." ಮೊದಲನೆಯದು ಎಡಕ್ಕೆ, ಎರಡನೆಯದು ಬಲಕ್ಕೆ. ಎಡದ ಗುಂಪಿನದನ್ನು ಎಷ್ಟು ಬೇಕಾದರೂ ತೇಪೆ ಹಾಕಿ ಉಳಿಸಬಹುದು. ಬಲದ ಗುಂಪಿನಲ್ಲಿ ಜಿಪುಣತನ ಮಾಡಿದರೆ ಕೆಟ್ಟೆವು. ಮುಂದೆ ನಾನು ಹೇಳೋದೆಲ್ಲ ಈ ಎರಡು ಗುಂಪಿನ ಲೆಕ್ಕವೇ.

ಎಂಜಿನ್ ಉಸಿರಾಡೋದು ಎಲ್ಲಿಂದ

ಯಾವ ಭಾಗ ಯಾವುದನ್ನು ಕರೆದುಕೊಂಡು ಹೋಗುತ್ತೆ ಅಂತ ಗೊತ್ತಾಗಬೇಕಾದರೆ ಟು ಸ್ಟ್ರೋಕ್ ಎಂಜಿನ್ ಹೇಗೆ ಉಸಿರಾಡುತ್ತೆ ಅಂತ ತಿಳಿದಿರಬೇಕು. ಪಿಸ್ಟನ್ನಿನ ಮೇಲೆ-ಕೆಳಗಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕ್ ಕೂತಿರುವ ಗೂಡೇ ಕ್ರ್ಯಾಂಕ್ ಕೇಸ್. ಈಗಿನ ನಾಲ್ಕು ಸ್ಟ್ರೋಕ್ ಬೈಕಿನಲ್ಲಿ ಅದು ಆಯಿಲ್ ಇರುವ ಡಬ್ಬ. ಸಣ್ಣಗೆ ಆಯಿಲ್ ಜಿನುಗಿದರೆ ಗಾಡಿ ನಿಲ್ಲಿಸಿದ ಜಾಗ ಗಲೀಜಾಗುತ್ತೆ, ಅಷ್ಟೇ. ಟು ಸ್ಟ್ರೋಕ್‌ನಲ್ಲಿ ಅದೇ ಡಬ್ಬ ಎಂಜಿನ್ನಿನ ಶ್ವಾಸಕೋಶ. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಕೇಸ್‌ನಲ್ಲಿ ಒತ್ತಡ ತಗ್ಗುತ್ತದೆ. ಆಗ ಕಾರ್ಬುರೇಟರ್‌ನಿಂದ ಪೆಟ್ರೋಲ್, ಗಾಳಿ, ಆಯಿಲ್ ಮೂರೂ ಬೆರೆತು ಒಳಗೆ ಬರುತ್ತವೆ. ಪಿಸ್ಟನ್ ಕೆಳಗೆ ಬಂದಾಗ ಅದೇ ಮಿಶ್ರಣವನ್ನು ಅದುಮಿ ಪಕ್ಕದ ದಾರಿಗಳಿಂದ ಮೇಲಕ್ಕೆ, ಸಿಲಿಂಡರ್ ಒಳಗೆ ತಳ್ಳುತ್ತದೆ.

ಈ ಡಬ್ಬದಲ್ಲಿ ಎಲ್ಲಾದರೂ ಸಂದು ಇದ್ದರೆ ಹೊರಗಿನ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪೆಟ್ರೋಲ್ ಕಡಿಮೆ ಅಂದರೆ ಅದರ ಜೊತೆ ಬರುವ ಆಯಿಲ್ ಕೂಡ ಕಡಿಮೆ. ಎಂಜಿನ್ ಬಿಸಿಯೇರುತ್ತದೆ. ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರ್‌ಗಿಂತ ಬೇಗ ದಪ್ಪಗಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಸೀಜ್ ಆಯ್ತು ಅಂತೀವಲ್ಲ, ಅದೇ ಇದು. ಸೀಜ್ ಆದಾಗ ಎಲ್ಲರೂ ಪಿಸ್ಟನ್ ಬೈತಾರೆ. ಎಷ್ಟೋ ಸಲ ತಪ್ಪು ಕೆಳಗೆ ಕ್ರ್ಯಾಂಕ್ ಪಕ್ಕದಲ್ಲಿ ಗಾಳಿ ತಡೆಯುವ ಒಂದು ರಬ್ಬರ್ ಸೀಲಿನದು.

ಸಿಲಿಂಡರ್: ಉಳಿಯುವ ಗುಂಪಿನ ಯಜಮಾನ

ನಮ್ಮ ಗಾಡಿಯಲ್ಲಿ ಸಿಲಿಂಡರ್ ಗೋಡೆ ತುಕ್ಕು ಹಿಡಿದು ಪಿಸ್ಟನ್ ಒಳಗೇ ಕಚ್ಚಿ ಕೂತಿತ್ತು. ಇಂಥ ಹೊತ್ತಲ್ಲಿ ಕಿಕ್ಕರ್ ಮೇಲೆ ಹತ್ತಿ ಕುಣಿಯಬಾರದು. ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರೇ ಕಿಕ್ಕರ್. ಒಳಗೆ ತಳ್ಳಿ ಮೇಲೆತ್ತಿದರೆ ಕಿಕ್ಕರ್, ಬಿಟ್ಟರೆ ಗೇರ್. ಅದನ್ನು ಮುರಿದುಕೊಂಡರೆ ಎರಡು ನಷ್ಟ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹೊಯ್ದು ಒಂದು ವಾರ ಬಿಟ್ಟೆವು. ಆಮೇಲೆ ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ತೆಗೆದು, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದಾಗ ಪಿಸ್ಟನ್ ಸರಿಯಿತು.

ಒಳಗೋಡೆಯ ಮೇಲೆ ಬೆಳ್ಳಿ ಬಣ್ಣದ ಗೆರೆಗಳು. ನೋಡಿದರೆ ಸಿಲಿಂಡರ್ ಪೂರ್ತಿ ಕೊರೆದು ಹೋಗಿದೆ ಅನ್ನಿಸುತ್ತೆ. ಆದರೆ ಅವೆಲ್ಲ ಗಾಯಗಳಲ್ಲ. ಯಾವತ್ತೋ ಸೀಜ್ ಆದಾಗ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡದ್ದೂ ಇರುತ್ತೆ. ಗಾಯ ಯಾವುದು, ಮೆತ್ತಿದ್ದು ಯಾವುದು ಅಂತ ಬೇರೆ ಮಾಡೋಕೆ ಕಾಸ್ಟಿಕ್ ಸೋಡಾ ನೀರು ಸಾಕು. ಅದು ಅಲ್ಯೂಮಿನಿಯಂ ತಿನ್ನುತ್ತದೆ, ಕಬ್ಬಿಣ ಮುಟ್ಟಲ್ಲ. ಕಡ್ಡಿಗೆ ಬಟ್ಟೆ ಸುತ್ತಿ ಗೆರೆಗಳ ಮೇಲೆ ಹಚ್ಚಿದರೆ ನೊರೆ ಬರುತ್ತೆ. ನೊರೆ ನಿಂತರೆ ಅಲ್ಯೂಮಿನಿಯಂ ಹೋಯಿತು ಅಂತ ಅರ್ಥ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕದೆ ಇದನ್ನು ಮಾಡಲೇಬೇಡಿ. ಹೊರಬರುವ ಗಾಳಿ ಹೈಡ್ರೋಜನ್, ಹತ್ತಿರ ಬೀಡಿ ಸಿಗರೇಟು ಇರಬಾರದು. ಹೆಡ್ಡಿಗೆ, ಕೇಸ್‌ಗೆ ಇದು ಸೋಕಬಾರದು, ಅವು ಅಲ್ಯೂಮಿನಿಯಂ. ಕೆಲವರು ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹಾಕ್ತಾರೆ. ಅದು ಕಬ್ಬಿಣವನ್ನೂ ತಿನ್ನುತ್ತೆ, ಬೇಡ.

ತೊಳೆದು ಒರೆಸಿದ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳದಿದ್ದರೆ ಹೋನಿಂಗ್‌ನಲ್ಲೇ, ಅಂದರೆ ಕಲ್ಲಿನಿಂದ ತೆಳ್ಳಗೆ ಉಜ್ಜೋದರಲ್ಲೇ, ಮುಗಿಯಬಹುದು. ಸಿಕ್ಕಿಕೊಂಡರೆ ಬೋರ್ ಕೆಲಸ, ಅಂದರೆ ಒಳಗೋಡೆಯನ್ನು ಕೊರೆದು ಅಗಲ ಮಾಡೋದು. ಕಣ್ಣನ್ನು ನಂಬಬೇಡಿ, ಬೋರ್ ಗೇಜ್ ಇಟ್ಟು ಅಳೆಸಿ. ಸಿಲಿಂಡರ್ ಎಲ್ಲ ಕಡೆ ಸಮನಾಗಿ ಸವೆಯಲ್ಲ. ಮೇಲುಗಡೆ, ಪಿಸ್ಟನ್ ಸುತ್ತಲಿನ ರಿಂಗ್ ತಿರುಗಿ ವಾಪಸ್ ಬರುವ ಜಾಗದಲ್ಲಿ ಜಾಸ್ತಿ. ಗಾಡಿಯ ಹಿಂದು-ಮುಂದಿನ ದಿಕ್ಕಿನಲ್ಲಿ ಇನ್ನೂ ಜಾಸ್ತಿ, ಪಿಸ್ಟನ್ ಒರಗೋದು ಆ ಕಡೆಗೇ.

ಈ ಎಂಜಿನ್‌ನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 75 ಮಿ.ಮೀ. ನಮ್ಮದು ಆಗಲೇ ಒಮ್ಮೆ ಬೋರ್ ಆಗಿ 65.25ರ ಪಿಸ್ಟನ್ ಇತ್ತು. ಓವರ್‌ಸೈಜ್, ಅಂದರೆ ಮೂಲಕ್ಕಿಂತ ದಪ್ಪದ ಪಿಸ್ಟನ್‌ಗಳು 0.25ರ ಮೆಟ್ಟಿಲಿನಲ್ಲಿ ಬರುತ್ತವೆ. ಸವೆತ ಮಾತ್ರ ನೋಡಿದ್ದರೆ 65.50 ಸಾಕಿತ್ತು. ತುಕ್ಕಿನ ಗುಳಿಗಳು ಅದಕ್ಕೂ ಆಳ ಇದ್ದವು, 65.75ಕ್ಕೆ ಹೋದೆವು. "ಸಿ.ಸಿ. ಜಾಸ್ತಿ ಆಗಿ ಎಂಜಿನ್ ಕೆಡಲ್ವಾ?" ಅಂತ ಕೇಳುವವರಿಗೆ ಲೆಕ್ಕ ಇಲ್ಲಿದೆ: 65ರಲ್ಲಿ 248.9 ಸಿ.ಸಿ., 65.75ರಲ್ಲಿ 254.6. ಆರು ಸಿ.ಸಿ. ಕೂಡ ಹೆಚ್ಚಲಿಲ್ಲ.

ಇಲ್ಲಿ ಜನ ಮಾಡುವ ತಪ್ಪು ಒಂದಿದೆ. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುತ್ತಾರೆ. ಪಿಸ್ಟನ್ ಕೈಗೆ ಬಂದ ಮೇಲೆ, ಅದನ್ನು ಮೈಕ್ರೋಮೀಟರ್‌ನಲ್ಲಿ ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು. ನಡುವಿನ ಗ್ಯಾಪ್ ಪಿಸ್ಟನ್ ತಯಾರಿಸಿದವರು ಹೇಳಿದಷ್ಟೇ ಇರಲಿ. ಇಂಥ ಎಂಜಿನ್‌ಗೆ ಅದು ಸಾಮಾನ್ಯವಾಗಿ 0.05ರಿಂದ 0.08 ಮಿ.ಮೀ. ಆಸುಪಾಸು. ಇನ್ನೊಂದು ಮಾತು. ಟು ಸ್ಟ್ರೋಕ್ ಸಿಲಿಂಡರ್ ಗೋಡೆಯಲ್ಲಿ ಮಿಶ್ರಣ, ಹೊಗೆ ಓಡಾಡುವ ಕಿಟಕಿಗಳಿರುತ್ತವೆ. ಬೋರ್ ಮಾಡಿದ ಮೇಲೆ ಅವುಗಳ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತೆ. ರಿಂಗ್ ಅದಕ್ಕೆ ಸಿಕ್ಕಿಕೊಂಡರೆ ಮುರಿಯುತ್ತದೆ. ಅಂಚನ್ನು ಸಣ್ಣಗೆ ಉಜ್ಜಿ ಮೊಂಡು ಮಾಡಲೇಬೇಕು. ಕಾರು, ಪಂಪ್‌ಸೆಟ್ಟು ಮಾಡಿಕೊಂಡಿರುವ ಲೇತ್ ಅಂಗಡಿಯವರಿಗೆ ಇದು ನೆನಪಾಗಲ್ಲ. ನೀವೇ ಹೇಳಬೇಕು.

ಕೊನೆಯ ಓವರ್‌ಸೈಜ್ ಕೂಡ ಮುಗಿದಿದ್ದರೆ ಸ್ಲೀವ್, ಅಂದರೆ ಒಳಗೊಂದು ಹೊಸ ಕೊಳವೆ, ಹಾಕಿಸಿ ಮತ್ತೆ ಮೊದಲ ಅಳತೆಗೆ ಬರಬಹುದು. ಸ್ಲೀವಿನಲ್ಲಿ ಆ ಎಲ್ಲ ಕಿಟಕಿಗಳನ್ನೂ ಮೊದಲಿದ್ದ ಜಾಗಕ್ಕೇ ಸರಿಯಾಗಿ ಕತ್ತರಿಸಬೇಕು. ಒಂದೆರಡು ಮಿ.ಮೀ. ಆಚೀಚೆ ಆದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತೆ.

ಸಿಲಿಂಡರ್ ಹೀಗೆ ಮೂರು ನಾಲ್ಕು ಜನ್ಮ ಎತ್ತೋದು ಅದು ಗುಂಡಗಿರೋದರಿಂದ. ರೋಟರಿ ಎಂಜಿನ್ ಅಂತ ಒಂದಿದೆ, ಮಜ್ದಾ ಕಂಪನಿಯ ಆರ್‌ಎಕ್ಸ್-7 ಕಾರಿನಲ್ಲಿ, ಸುಜುಕಿಯ ಆರ್‌ಇ5 ಬೈಕಿನಲ್ಲಿ ಇದ್ದದ್ದು. ಅದರಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ. ಆ ಗೂಡಿನ ಒಳಗೋಡೆ ಗುಂಡಗಿಲ್ಲ, ನಡು ಸ್ವಲ್ಪ ಒಳಗೆ ಹೋದ ಮೊಟ್ಟೆಯ ಥರ. ಮೇಲೆ ಗಟ್ಟಿ ಲೋಹದ ಲೇಪ. ರೋಟರ್ ಮೂಲೆಯ ಸೀಲ್ ಮುರಿದು ಆ ಲೇಪ ಎದ್ದರೆ, ಲೇತ್‌ಗೆ ಕಟ್ಟಿ ಮುಂದಿನ ಸೈಜಿಗೆ ಬೋರ್ ಮಾಡುವ ಮಾತೇ ಇಲ್ಲ. ಆ ಎಂಜಿನ್ ಬಿಚ್ಚುವವರ ಕಷ್ಟ ನೆನೆಸಿಕೊಂಡರೆ ನಮ್ಮ ಯೆಜ್ಡಿ ದೇವರಂಥದ್ದು.

ಕ್ರ್ಯಾಂಕ್: ಇಲ್ಲಿ ದಾಕ್ಷಿಣ್ಯ ಬೇಡ

ಈ ಎಂಜಿನ್‌ನ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ದಪ್ಪ ಚಕ್ರಗಳು, ನಡುವೆ ಒಂದು ಪಿನ್, ಪಿನ್ ಮೇಲೆ ಉರುಳುವ ರೋಲರ್‌ಗಳು, ಅದರ ಮೇಲೆ ಕನೆಕ್ಟಿಂಗ್ ರಾಡ್. ಎಲ್ಲವನ್ನೂ ಪ್ರೆಸ್‌ನಲ್ಲಿ ಅದುಮಿ ಕೂರಿಸಿದ್ದು. ಅಂದರೆ ಬಿಚ್ಚಬಹುದು, ಒಳಗಿನದ್ದನ್ನು ಬದಲಾಯಿಸಬಹುದು.

ರಾಡ್ ಹಿಡಿದು ಮೇಲೆ-ಕೆಳಗೆ ಎಳೆದು ನೋಡಿ. ಕೂದಲೆಳೆಯಷ್ಟೂ ಆಟ ಇರಬಾರದು. ಪಕ್ಕಕ್ಕೆ ಸ್ವಲ್ಪ ಅಲ್ಲಾಡಿದರೆ ಪರವಾಗಿಲ್ಲ, ಅದು ಇರಬೇಕಾದ್ದೇ. ಹೊಸಬರು ಪಕ್ಕದ ಆಟ ನೋಡಿ ಗಾಬರಿಯಾಗಿ, ಮೇಲೆ-ಕೆಳಗಿನ ಆಟ ಮರೆಯುತ್ತಾರೆ. ನಮ್ಮದರಲ್ಲಿ ಆಟ ಇರಲಿಲ್ಲ. ಆದರೆ ತಿರುಗಿಸಿದರೆ ಒಳಗೆ ಮರಳು ಇದ್ದ ಹಾಗೆ ಗರಗರ. ಹನ್ನೊಂದು ವರ್ಷ ನಿಂತಿದ್ದಾಗ ಕೇಸ್‌ನೊಳಗಿನ ತೇವ ರೋಲರ್‌ಗೆ ಹೊಡೆದಿತ್ತು.

"ಡೀಸೆಲಲ್ಲಿ ತೊಳೆದು ಆಯಿಲ್ ಬಿಟ್ಟರೆ ಆಗಲ್ವಾ ಭಾಯ್?" ಅಂತ ಕೇಳಿದೆ. ಹೊಸ ಬೋರಿಗೆ, ಪಿಸ್ಟನ್‌ಗೆ ಆಗಲೇ ದುಡ್ಡು ಸುರಿದಾಗಿತ್ತು. ಅವರು ಉತ್ತರ ಕೊಡಲಿಲ್ಲ, ಸುಮ್ನೆ ಅದನ್ನೆತ್ತಿ ಬಲದ ಗುಂಪಿಗೆ ಇಟ್ಟರು. ಯೋಚಿಸಿದರೆ ಸರಿಯೇ. ತುಕ್ಕು ಕಚ್ಚಿದ ರೋಲರ್ ಮೇಲೆ ಗುಳಿ ಇರುತ್ತೆ. ಗುಳಿಯ ಅಂಚಿನಿಂದ ಉಕ್ಕಿನ ಚಕ್ಕೆ ಏಳುತ್ತೆ. ಆ ಚಕ್ಕೆ ಎಲ್ಲಿಗೆ ಹೋಗುತ್ತೆ? ಇದು ಶ್ವಾಸಕೋಶ ಅಂದೆನಲ್ಲ, ಗಾಳಿಯ ಜೊತೆ ಮೇಲಕ್ಕೆ, ನೇರವಾಗಿ ಹೊಸ ಪಿಸ್ಟನ್ ಪಕ್ಕಕ್ಕೆ. ರಾಡ್ ಮುರಿದರಂತೂ ಕೇಸ್‌ಗೆ ತೂತು. ರಾಡ್, ಪಿನ್, ರೋಲರ್ ಸೇರಿ ಬರುವ ಹೊಸ ರಾಡ್ ಕಿಟ್ ಹಾಕಿಸಿದೆವು. ಬಿಸಿಗೆ ನೀಲಿ ಬಣ್ಣ ಬಂದ ರಾಡ್ ಸಿಕ್ಕಿದರೂ ಇದೇ ತೀರ್ಪು.

ಪ್ರೆಸ್ ಮಾಡಿದ ಮೇಲೆ ನಿಜವಾದ ಕೆಲಸ ಶುರು. ಎರಡು ಚಕ್ರಗಳು ಒಂದೇ ನೇರಕ್ಕೆ ಬರಬೇಕು. ಕ್ರ್ಯಾಂಕನ್ನು ಎರಡು ಮೊನೆಗಳ ನಡುವೆ ಕೂರಿಸಿ, ಡಯಲ್ ಗೇಜ್ ಇಟ್ಟು, ನಿಧಾನ ಸುತ್ತಿಸಿ, ಮುಳ್ಳು ಎಷ್ಟು ಆಡುತ್ತೆ ನೋಡಿ, ಹಿತ್ತಾಳೆ ಸುತ್ತಿಗೆಯಲ್ಲಿ ಚಕ್ರದ ಅಂಚಿಗೆ ಒಂದು ಏಟು. ಮತ್ತೆ ಸುತ್ತಿಸು, ಮತ್ತೆ ಏಟು. ಮುಳ್ಳಿನ ಆಟ 0.03 ಮಿ.ಮೀ. ಒಳಗೆ ಬರುವ ತನಕ ಬಿಡಲಿಲ್ಲ. ತಲೆಗೂದಲಿನ ಅರ್ಧ ದಪ್ಪವೂ ಅಲ್ಲ ಅದು. ಆ ದಪ್ಪ ಸುತ್ತಿಗೆಯಿಂದ ಈ ಅಳತೆ ಬರೋದನ್ನು ಕಣ್ಣಾರೆ ನೋಡಬೇಕು. ಇದನ್ನು ಮಾಡದೆ ಜೋಡಿಸಿದರೆ ಗಾಡಿ ನಡುಗುತ್ತೆ, ಬೇರಿಂಗ್ ಮತ್ತು ಸೀಲ್ ಬೇಗ ಹೋಗುತ್ತವೆ.

ಎಷ್ಟೋ ಸಲ ಬಿಚ್ಚಿ ಅದುಮಿದ ಕ್ರ್ಯಾಂಕ್‌ಗಳಲ್ಲಿ ಚಕ್ರದ ತೂತೇ ದೊಡ್ಡದಾಗಿ ಪಿನ್ ಸುಲಭವಾಗಿ ಒಳಗೆ ಹೋಗುತ್ತೆ. ಹಾಗೆ ಹೋದರೆ ಖುಷಿ ಪಡಬೇಡಿ. ಬೇರೆ ಎಂಜಿನ್ನಿನ ಚಕ್ರ ಹುಡುಕಿ.

ಕೇಸ್: ಅಂಗಡಿಯಲ್ಲಿ ಸಿಗದ ವಸ್ತು

ಹೊಸ ಪಿಸ್ಟನ್ ಸಿಗುತ್ತೆ, ರಾಡ್ ಕಿಟ್ ಸಿಗುತ್ತೆ. ಬೇರಿಂಗ್‌ಗಳಂತೂ ಸ್ಟ್ಯಾಂಡರ್ಡ್ ಸೈಜಿನವು, ಮೇಲೆ ಕೊರೆದ ನಂಬರ್ ಹೇಳಿದರೆ ಬೇರಿಂಗ್ ಅಂಗಡಿಯಲ್ಲೇ ಕೊಡುತ್ತಾರೆ. ಹೊಸ ಕ್ರ್ಯಾಂಕ್ ಕೇಸ್ ಮಾತ್ರ ಹೋಗಿ ಕೊಳ್ಳುವ ವಸ್ತುವಲ್ಲ. ಎಷ್ಟೇ ಕಷ್ಟವಾದರೂ ಇದನ್ನು ಉಳಿಸಿಕೊಳ್ಳಬೇಕು. ಅದರ ಮೇಲೆ ಇನ್ನೊಂದು ಕಟ್ಟು: ಎಡ-ಬಲದ ಎರಡು ಹೋಳುಗಳು ಜೋಡಿ. ಕಾರ್ಖಾನೆಯಲ್ಲಿ ಎರಡನ್ನೂ ಸೇರಿಸಿ ಬೋರ್ ಮಾಡಿದ್ದು. ಒಂದು ಗಾಡಿಯ ಎಡ, ಇನ್ನೊಂದರ ಬಲ ಸೇರಿಸಿದರೆ ಬೇರಿಂಗ್‌ಗಳು ನೇರಕ್ಕೆ ಬರುತ್ತವೆ ಅನ್ನೋ ಭರವಸೆ ಇಲ್ಲ.

ನನ್ನ ತಪ್ಪು ಇಲ್ಲೇ ಆಯಿತು, ಒಪ್ಪಿಕೊಳ್ಳುತ್ತೇನೆ. ಮೈಸೂರಿಗೆ ತರುವ ಮೊದಲು, ಊರಲ್ಲೇ ಸ್ವಲ್ಪ ಬಿಚ್ಚಿ ನೋಡೋಣ ಅಂತ ಕೇಸಿನ ಕೂಡುಗೆರೆಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಅಲ್ಯೂಮಿನಿಯಂ ಮೆದು. ಎರಡು ಕಡೆ ಕಚ್ಚು ಬಿತ್ತು. ಹೋಳುಗಳ ನಡುವೆ ಇಡುವ ಪೇಪರ್ ಗ್ಯಾಸ್ಕೆಟ್ ಇಂಥ ಕಚ್ಚನ್ನು ತುಂಬಲ್ಲ, ಗಾಳಿಗೆ ಒಳ್ಳೆ ಬಾಗಿಲಾಗುತ್ತೆ. ಆರ್ಗಾನ್ ವೆಲ್ಡಿಂಗ್‌ನಲ್ಲಿ ಆ ಜಾಗ ತುಂಬಿಸಿ, ಉಬ್ಬನ್ನು ಅರದಿಂದ ಇಳಿಸಿ, ಗಾಜಿನ ಮೇಲೆ ಎಮೆರಿ ಪೇಪರ್ ಹಾಸಿ ಸಮ ಮಾಡಬೇಕಾಯಿತು. ಎರಡು ಸೆಕೆಂಡಿನ ಅವಸರಕ್ಕೆ ಒಂದು ಇಡೀ ದಿನ. ಹೋಳುಗಳನ್ನು ಬೇರೆ ಮಾಡಲು ಬಿಸಿ ಮಾಡಿ, ಮರದ ಸುತ್ತಿಗೆಯಲ್ಲಿ ತಟ್ಟಬೇಕು. ಆಗಲೂ ಬರದಿದ್ದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತ ಅನುಮಾನ ಪಡಬೇಕು.

ಇನ್ನೊಂದು ಗಾಯ ನನ್ನದಲ್ಲ. ಹಿಂದೆ ಯಾರೋ ಈ ಎಂಜಿನ್ ಬಿಚ್ಚಿದ್ದರು. ಬೇರಿಂಗ್ ಕೂರುವ ಗೂಡು ಸಡಿಲವಾಗಿ ಬೇರಿಂಗ್ ಅದರೊಳಗೇ ಸುತ್ತುತ್ತಿತ್ತು ಅಂತ ಕಾಣುತ್ತೆ. ಅವರು ಗೂಡಿನ ಸುತ್ತ ಪಂಚ್ ಇಟ್ಟು ಚುಕ್ಕಿ ಚುಕ್ಕಿ ಹೊಡೆದಿದ್ದರು. ಆ ಚುಕ್ಕಿಗಳ ಉಬ್ಬು ಬೇರಿಂಗನ್ನು ಸ್ವಲ್ಪ ದಿನ ಹಿಡಿದಿಡುತ್ತೆ. ಆದರೆ ಹಿಡಿತ ನಾಲ್ಕಾರು ಮೊನೆಗಳಲ್ಲಿ ಮಾತ್ರ. ಅವು ಸವೆದ ಮೇಲೆ ಮೊದಲಿಗಿಂತ ಸಡಿಲ, ಬೇರಿಂಗ್ ನಡುವಿನಲ್ಲೂ ಇರಲ್ಲ. ಸಡಿಲ ತೀರಾ ಕಡಿಮೆ ಇದ್ದರೆ ಬೇರಿಂಗ್ ಕೂರಿಸಲೆಂದೇ ಬರುವ ಅಂಟು ಸಾಕು. ನಮ್ಮದು ಆ ಹಂತ ದಾಟಿತ್ತು. ಎರಡು ಹೋಳುಗಳನ್ನೂ ಸೇರಿಸಿ ಬಿಗಿದು, ಸರಿಯಿದ್ದ ಕಡೆಯ ಗೂಡನ್ನು ಆಧಾರವಾಗಿಟ್ಟು, ಕೆಟ್ಟದ್ದನ್ನು ದೊಡ್ಡದು ಮಾಡಿ ಬುಷ್, ಅಂದರೆ ಲೋಹದ ಬಳೆ, ಹಾಕಿಸಿದೆವು. ಬುಷ್ ಒಳಗೆ ಬೇರಿಂಗ್‌ನ ಅಳತೆ.

ಬೇರಿಂಗ್ ಹಾಕುವಾಗ ಸುತ್ತಿಗೆ ಬೇಡವೇ ಬೇಡ. ಕೇಸನ್ನು 100 ಡಿಗ್ರಿಯಷ್ಟು ಬಿಸಿ ಮಾಡಿ. ಬೇರಿಂಗ್‌ನ ಹೊರ ಅಳತೆ 62 ಮಿ.ಮೀ. ಅಂತ ಇಟ್ಟುಕೊಳ್ಳಿ. 80 ಡಿಗ್ರಿ ಏರಿದರೆ ಅಲ್ಯೂಮಿನಿಯಂ ಗೂಡು ಸುಮಾರು 0.11 ಮಿ.ಮೀ. ಹಿಗ್ಗುತ್ತದೆ. ತಣ್ಣಗಿನ ಬೇರಿಂಗ್ ತಾನೇ ಒಳಗೆ ಜಾರುತ್ತೆ, ಟಕ್ ಅಂತ ಕೂರುತ್ತೆ. ಭಾಯ್ ಬಿಸಿ ನೋಡೋದು ಎಂಜಲು ಬೆರಳಲ್ಲಿ, ಚುಂಯ್ ಅಂದರೆ ಆಯಿತು. ನಾನು ಮನೆಯಲ್ಲಿದ್ದ ಹಳೆ ಓವನ್ ಬಳಸಿದೆ. ಆ ಓವನ್ ಈಗ ಅಡುಗೆಮನೆಗೆ ವಾಪಸ್ ಹೋಗುವಂತಿಲ್ಲ ಅಂತ ಮನೆಯಲ್ಲಿ ತೀರ್ಮಾನವಾಗಿದೆ.

ಉಳಿದದ್ದು

ಹೆಡ್‌ನಲ್ಲಿ ಪ್ಲಗ್ ಥ್ರೆಡ್ ಹೋಗಿತ್ತು, ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕಿಸಿದ್ದಕ್ಕೆ ಸರಿಯಾಯಿತು. ಸೊಟ್ಟಗಾದ ಮುಖವನ್ನು ಗಾಜಿನ ಮೇಲೆ ಎಂಟರ ಆಕಾರದಲ್ಲಿ ಉಜ್ಜಿದರೆ ಸಾಕು. ಗೇರ್‌ಬಾಕ್ಸ್‌ನಲ್ಲಿ ಹಲ್ಲುಗಿಂತ ಪಕ್ಕದ ಮೊಳೆಗಳನ್ನು ನೋಡಿ. ಒಂದು ಗೇರ್ ಇನ್ನೊಂದನ್ನು ಕಚ್ಚಿಕೊಳ್ಳೋದು ಅವುಗಳಿಂದ. ಮೂಲೆ ಗುಂಡಗಾಗಿದ್ದರೆ ಏರಿನಲ್ಲಿ ಗೇರ್ ತಾನೇ ಜಾರುತ್ತೆ. ಅದಕ್ಕೆ ವೆಲ್ಡಿಂಗ್ ಮಾಡಿಸೋದು ದಂಡ, ಶಾಖಕ್ಕೆ ಉಕ್ಕಿನ ಗಟ್ಟಿತನ ಹೋಗುತ್ತೆ. ಸೆಕೆಂಡ್ ಹ್ಯಾಂಡ್ ಗೇರ್ ಹುಡುಕೋದೇ ದಾರಿ.

ಆಯಿಲ್ ಸೀಲ್, ಗ್ಯಾಸ್ಕೆಟ್, ಪಿಸ್ಟನ್ ಪಿನ್ನಿನ ಲಾಕ್. ಇವು ಚೆನ್ನಾಗೇ ಕಂಡರೂ ಹೊಸದು ಹಾಕಿ. ಸೀಲುಗಳಿಗೆ ಆಗುವ ಖರ್ಚು ಮನೆಮಂದಿಯೆಲ್ಲ ಒಂದು ಹೊತ್ತು ದೋಸೆ ತಿಂದಷ್ಟೂ ಇಲ್ಲ. ಕ್ರ್ಯಾಂಕ್‌ನ ಎಡಗಡೆ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ, ಆಯಿಲ್ ಮಟ್ಟ ಇಳಿಯುತ್ತೆ. ಬಲಗಡೆಯದು ಹೋದರೆ ಹೊಗೆ ಇಲ್ಲ, ಸದ್ದಿಲ್ಲ. ಬರೀ ಗಾಳಿ. ಆಮೇಲೆ ಒಂದು ದಿನ ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಸೀಜ್.

ಎಲ್ಲ ಜೋಡಿಸಿದ ಮೇಲೆ, ಎಂಜಿನ್ ಚಾಸಿಗೆ ಏರಿಸುವ ಮೊದಲು ಒಂದು ಪರೀಕ್ಷೆ ಇದೆ. ಕಾರ್ಬುರೇಟರ್ ಬಾಯಿ, ಎರಡು ಸೈಲೆನ್ಸರ್ ಬಾಯಿ ರಬ್ಬರ್ ಇಟ್ಟು ಮುಚ್ಚಿ. ಪ್ಲಗ್ ಜಾಗದಿಂದ ಸ್ವಲ್ಪವೇ ಗಾಳಿ ತುಂಬಿ, 5-6 ಪಿ.ಎಸ್.ಐ. ಸಾಕು. ಅದಕ್ಕಿಂತ ಜಾಸ್ತಿ ಹೊಡೆದರೆ ಹೊಸ ಸೀಲನ್ನೇ ತಳ್ಳಿಬಿಡುತ್ತೆ. ಕೆಲವು ನಿಮಿಷ ಗೇಜಿನ ಮುಳ್ಳು ಇಳಿಯದೆ ನಿಲ್ಲಬೇಕು. ಇಳಿದರೆ ಸೋಪು ನೀರು ಹಚ್ಚಿ ಗುಳ್ಳೆ ಎಲ್ಲಿ ಅಂತ ಹುಡುಕಿ. ಹಳೆ ಕಾಲದ ಮೆಕ್ಯಾನಿಕ್‌ಗಳು ಇದನ್ನು ಮಾಡೋದು ಕಡಿಮೆ, ಭಾಯ್ ಕೂಡ ಮೊದಲು ನಕ್ಕರು. ನಮ್ಮ ಎಂಜಿನ್‌ನಲ್ಲಿ ಗುಳ್ಳೆ ಬಂದದ್ದು ನಾನು ಮೀಟಿದ್ದ ಕಚ್ಚಿನ ಜಾಗದಲ್ಲೇ. ಮತ್ತೆ ಬಿಚ್ಚಿ, ಮತ್ತೆ ಉಜ್ಜಿ, ತೆಳುವಾಗಿ ಸೀಲಂಟ್ ಹಚ್ಚಿ ಕೂರಿಸಿದ ಮೇಲೆ ಮುಳ್ಳು ನಿಂತಿತು. ಭಾಯ್ ಆ ಗೇಜನ್ನು ನನ್ನಿಂದ ಇಸ್ಕೊಂಡವರು ಇನ್ನೂ ವಾಪಸ್ ಕೊಟ್ಟಿಲ್ಲ.

ಗಾಡಿ ಈಗ ಓಡುತ್ತಿದೆ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್ ಹಾಕಿ, ಮೊದಲ ಐನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿದೆ. ಗೇರ್ ಲಿವರ್ ಶಾಫ್ಟ್ ಹತ್ತಿರ ರಾತ್ರಿಗೆ ಎರಡು ಹನಿ ಆಯಿಲ್ ಬೀಳುತ್ತೆ. ಅದು ಸತ್ತರೂ ಒಂದೇ ಸಾಯುವ ಜಾತಿ, ಹಾಗಾಗಿ ಕೆಳಗೊಂದು ರಟ್ಟು ಹಾಸಿದ್ದೇನೆ. ಮೊನ್ನೆ ಊರಿಗೆ ಓಡಿಸಿಕೊಂಡು ಹೋದಾಗ ಮಾವ ಗಾಡಿ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, "ಆಯಿಲ್ ಸೋರ್ತೈತಲ್ಲೋ" ಅಂದರು. ಆಮೇಲೆ ಕೀ ಇಸ್ಕೊಂಡು ಹೋದವರು ಕತ್ತಲಾದ ಮೇಲೇ ಬಂದದ್ದು.